ಅಶೋಕ ರಸ್ತೆಯ ಅವಳಿ ಶಿಖರಗಳು

ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಏರುವವರು ದೊಡ್ಡ ನಂದಿಯ ಬಳಿ ಅರೆಗಳಿಗೆ ನಿಲ್ಲುವುದು ವಾಡಿಕೆ. ಉಸಿರು ಸಮನಾದ ಮೇಲೆ ಹಿಂದಿರುಗಿ ನೋಡಿದರೆ ಮೈಸೂರು ನಗರವೆಲ್ಲ ಕಾಲಡಿಯಲ್ಲಿ ಹಾಸಿಕೊಂಡಿರುವುದು. ಹೊಸಬರಾದವರು ಮೊದಲು ಹುಡುಕುವುದು ಅರಮನೆಯನ್ನು. ಅದು ಸಿಕ್ಕಿದೊಡನೆ ದೃಷ್ಟಿ ತಾನಾಗಿಯೇ ಇನ್ನಷ್ಟು ಉತ್ತರಕ್ಕೆ ಸರಿದು, ಮರಗಳ ಹಸುರಿನ ನಡುವಿನಿಂದ ಸೆಟೆದು ನಿಂತ ಎರಡು ಚೂಪು ಶಿಖರಗಳ ಮೇಲೆ ನಿಲ್ಲುತ್ತದೆ. ಸಂತ ಫಿಲೋಮಿನಾ ದೇವಾಲಯದ ಶಿಖರಗಳವು. ಅರಮನೆಯ ನಡುಗೋಪುರದ ಎತ್ತರ 145 ಅಡಿ. ಈ ಶಿಖರಗಳದು 175 ಅಡಿ. ತನ್ನ ರಾಜಧಾನಿಯಲ್ಲಿ ತನ್ನ ಮನೆಗಿಂತ ಮೂವತ್ತು ಅಡಿ ಎತ್ತರವಾದ ಕಟ್ಟಡವೊಂದು ಏಳುವುದಕ್ಕೆ ತಾನೇ ಅಡಿಗಲ್ಲು ಹಾಕಿದ ಅರಸನೊಬ್ಬನು ಈ ಊರಿನಲ್ಲಿದ್ದನೆಂಬುದನ್ನು ಬೆಟ್ಟದ ಮೇಲಿನ ಈ ನೋಟವೊಂದೇ ತಿಳಿಸಬಲ್ಲದು.

ಊರೊಳಗಿನಿಂದ ಹೋಗುವವರಿಗೆ ದಾರಿ ಇನ್ನೂ ಸುಲಭ. ಅಶೋಕ ರಸ್ತೆಯನ್ನು ಹಿಡಿದು ಉತ್ತರಕ್ಕೆ ನಡೆದರೆ ಲಷ್ಕರ್ ಮೊಹಲ್ಲ ಬರುತ್ತದೆ. ಅಂಗಡಿಗಳ ಸಾಲು, ಟಾಂಗಾಗಳ ಗೊರಸಿನ ಸದ್ದು, ಬಸ್ಸುಗಳ ಹೊಗೆ. ಇವುಗಳ ನಡುವೆ ಒಮ್ಮೆಲೇ ವಿಶಾಲವಾದ ಅಂಗಳ. ಅಂಗಳದ ಕೊನೆಯಲ್ಲಿ ಕಮಾನಿನ ಮೇಲೆ ಕಮಾನು, ಕಿಟಕಿಯ ಮೇಲೆ ಕಿಟಕಿ, ಎಲ್ಲವೂ ಮೇಲ್ಮೊಗವಾಗಿಯೇ ಸಾಗಿ ಕೊನೆಗೆ ಆಕಾಶದಲ್ಲಿ ಎರಡು ಶಿಲುಬೆಗಳಾಗಿ ಮುಗಿಯುತ್ತವೆ. ಮೈಸೂರು ನೋಡಲು ಬಂದ ಸಂಸಾರಗಳು ಅರಮನೆ, ಮೃಗಾಲಯ, ಬೃಂದಾವನಗಳ ನಡುವೆ ಅರ್ಧ ಗಂಟೆಯನ್ನು ಇದಕ್ಕೂ ಮೀಸಲಿಟ್ಟು, ಅಂಗಳದಲ್ಲಿ ಛಾಯಾಚಿತ್ರ ತೆಗೆಸಿಕೊಂಡು ಹೊರಡುವುದುಂಟು. ಇಷ್ಟು ದೊಡ್ಡ ದೇವಾಲಯ ಇಲ್ಲಿ ಯಾರಿಗೆ ಬೇಕಾಗಿತ್ತು, ಹಿಂದಿದ್ದ ದೇವಾಲಯವೇನಾಯಿತು, ಯಾವ ಸಂತಳ ಹೆಸರಿನಲ್ಲಿ ಇದನ್ನು ಕಟ್ಟಿದರು ಎಂದು ಕೇಳುವವರು ವಿರಳ. ಕೇಳಿದವರಿಗೆ ಸಿಗುವ ಕಥೆಯಾದರೋ ಕಟ್ಟಡಕ್ಕಿಂತಲೂ ಸ್ವಾರಸ್ಯವಾದುದು.

ಮೈಸೂರಿನ ಕ್ರೈಸ್ತ ಸಮುದಾಯದ ಬೇರುಗಳನ್ನು ಹುಡುಕುವವರು ಶ್ರೀರಂಗಪಟ್ಟಣಕ್ಕೆ ಹೋಗಬೇಕು. 17ನೆಯ ಶತಮಾನದ ನಡುವಿನಲ್ಲಿ ಗೋವೆಯಿಂದ ಬಂದ ಲಿಯೊನಾರ್ಡೊ ಸಿನ್ನಾಮಿ ಎಂಬ ಜೆಸ್ವಿಟ್ ಪಾದ್ರಿಗಳು ಅಲ್ಲಿ ನೆಲೆಸಿ, ಕನ್ನಡವನ್ನು ಕಲಿತು, ಕನ್ನಡಕ್ಕೊಂದು ವ್ಯಾಕರಣವನ್ನೂ ಬರೆದರು. ಅವರ ಸಂಸ್ಥೆಯನ್ನು 1773ರಲ್ಲಿ ರೋಮು ರದ್ದುಗೊಳಿಸಿದ ಮೇಲೆ ದಕ್ಷಿಣದ ಈ ಭಾಗದ ಕ್ಷೇತ್ರಗಳು ಪ್ಯಾರಿಸಿನ ಪಾದ್ರಿಗಳ ಸಂಘಕ್ಕೆ ಸೇರಿದವು. 1784ರಲ್ಲಿ ಟೀಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸಹಸ್ರಗಟ್ಟಲೆಯಾಗಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಪ್ರಸಂಗ ಎಲ್ಲರಿಗೂ ತಿಳಿದುದೇ. 1799ರಲ್ಲಿ ಕೋಟೆ ಬಿದ್ದಾಗ ಬದುಕಿ ಉಳಿದವರು ಹಲವರು ಕರಾವಳಿಗೆ ಮರಳಿದರು. ಚೆದರಿದ ಮಂದೆಯನ್ನು ಕೂಡಿಸಲು ಆಗ ಅಲ್ಲಿಗೆ ಬಂದವರು ಫ್ರೆಂಚ್ ಪಾದ್ರಿ ಆಬೆ ದುಬಾಯ್.

ದುಬಾಯ್ ಅವರ ಹೆಸರು ಅವರ ಗ್ರಂಥದಿಂದ ಲೋಕಪ್ರಸಿದ್ಧ. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಆ ಹೊತ್ತಗೆಯನ್ನು ಮೆಚ್ಚುವವರೂ ಉಂಟು, ಅದರ ಮಾತುಗಳಿಂದ ನೊಂದವರೂ ಉಂಟು. ಊರಿನ ಜನಕ್ಕೆ ಮಾತ್ರ ಅವರು ‘ದೊಡ್ಡಸ್ವಾಮಿ’ಗಳು. ಬಿಳಿಯ ನಿಲುವಂಗಿ, ಪೇಟ, ಕೈಯಲ್ಲೊಂದು ಬಿದಿರು ಕೋಲು. ಮಾಂಸಾಹಾರವನ್ನು ತೊರೆದು ಈ ನೆಲದ ಸಾಧುವಿನಂತೆಯೇ ಓಡಾಡಿದವರು. ಸಿಡುಬಿನ ವಿರುದ್ಧ ದೇವಿ ಹಾಕುವ ವಿದ್ಯೆ ಅದೇ ಆಗ ಹೊಸದಾಗಿ ಬಂದಿದ್ದ 1803–04ರ ಸುಮಾರಿನಲ್ಲಿ ಅವರು 25,432 ಮಂದಿಗೆ ದೇವಿ ಹಾಕಿಸಿದ ಲೆಕ್ಕ ದಾಖಲೆಯಲ್ಲಿದೆ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರು ಕಟ್ಟಿಸಿದ ಪುಟ್ಟ ದೇವಾಲಯ ಇಂದಿಗೂ ಇದೆ. ಟೀಪುವಿನ ಗುಂಬಜಿನ ದಾರಿಯಲ್ಲಿ ಹೋಗುವವರು ಅದನ್ನು ಕಂಡೂ ಕಾಣದಂತೆ ಮುಂದೆ ಸಾಗಿಬಿಡುವಷ್ಟು ಅದು ಸಾದಾ. ಮನೆಯಂತಹ ದೇವಾಲಯವದು. ಅಲ್ಲಿಂದ ಅಶೋಕ ರಸ್ತೆಯ ಶಿಖರಗಳಿಗೆ ಇರುವ ದೂರ ಹತ್ತು ಮೈಲಿಗಳಷ್ಟೆ. ಆ ಹತ್ತು ಮೈಲಿಗಳನ್ನು ನಡೆಯಲು ಸಮುದಾಯಕ್ಕೆ ಒಂದು ಶತಮಾನಕ್ಕೂ ಮೀರಿ ಹಿಡಿಯಿತು.

ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಮರಳಿದಂತೆ ಜನವೂ ಅದರ ಹಿಂದೆಯೇ ಬಂದರು. ಅರಮನೆಯ ಮತ್ತು ದಂಡಿನ ಆಶ್ರಯದಲ್ಲಿ ಬದುಕು ಕಟ್ಟಿಕೊಂಡವರಲ್ಲಿ ಕ್ರೈಸ್ತರೂ ಇದ್ದರು. ಅವರಿಗಾಗಿ 1840ರ ದಶಕದಲ್ಲಿ ಈಗಿನ ಸ್ಥಳದಲ್ಲಿಯೇ ಒಂದು ದೇವಾಲಯವನ್ನು ಕಟ್ಟಿಸಿಕೊಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. ಚಾಮುಂಡಿ ಬೆಟ್ಟದ ಗೋಪುರವನ್ನು ಕಟ್ಟಿಸಿದ ಅರಸರೂ ಇವರೇ. ಇಲ್ಲಿ ಗಮನಿಸಬೇಕಾದುದೊಂದುಂಟು. 1831ರಲ್ಲಿಯೇ ಆಂಗ್ಲರು ರಾಜ್ಯದ ಆಡಳಿತವನ್ನು ಇವರ ಕೈಯಿಂದ ಕಿತ್ತುಕೊಂಡು ಕಮಿಷನರರಿಗೆ ಒಪ್ಪಿಸಿದ್ದರು. ಅಧಿಕಾರವಿಲ್ಲದ ಅರಸನಿಗೆ ದಾನ, ಧರ್ಮ, ವಿದ್ಯೆಗಳಷ್ಟೆ ಉಳಿದಿದ್ದವು. ಅವುಗಳಲ್ಲಿ ಅವರು ಕೈ ಬಿಗಿಹಿಡಿಯಲಿಲ್ಲ. ಆ ಕಾಲದ ಶಾಸನವೊಂದು ದೇವಾಲಯದಲ್ಲಿ ಇಂದಿಗೂ ಉಳಿದಿದೆ. ಲೋಕಗಳನ್ನೂ ಜೀವರಾಶಿಗಳನ್ನೂ ಸೃಷ್ಟಿಸಿ ಕಾಪಾಡುವ ಒಬ್ಬನೇ ದೇವರನ್ನು ಮೊದಲು ಸ್ಮರಿಸಿ, ಯೇಸುವಿನ ಅವತಾರದಿಂದ 1843ನೆಯ ವರ್ಷವೆಂದು ಅದು ಕಾಲವನ್ನು ಹೇಳುತ್ತದೆ. ದೇವಸ್ಥಾನದ ದತ್ತಿಶಾಸನಗಳನ್ನು ಓದಿ ಬಲ್ಲವರಿಗೆ ಆ ಧಾಟಿ ಅಪರಿಚಿತವೆನಿಸದು. ಮಂಗಳ ಶ್ಲೋಕದ ಸ್ಥಾನದಲ್ಲಿ ಸೃಷ್ಟಿಕರ್ತನ ಸ್ತುತಿ, ಶಕವರ್ಷದ ಸ್ಥಾನದಲ್ಲಿ ಕ್ರಿಸ್ತಶಕ, ಅಷ್ಟೇ ವ್ಯತ್ಯಾಸ.

ಆ ಹಳೆಯ ದೇವಾಲಯ ಸಂತ ಜೋಸೆಫರ ಹೆಸರಿನದು. ತೊಂಬತ್ತು ವರ್ಷ ಅದು ಮೈಸೂರಿನ ಕ್ರೈಸ್ತರ ಹುಟ್ಟು, ಮದುವೆ, ಸಾವುಗಳಿಗೆ ಸಾಕ್ಷಿಯಾಯಿತು. ಅಷ್ಟರಲ್ಲಿ ಊರು ಬೆಳೆಯಿತು. ರೈಲು ಬಂದಿತು, ಹೊಸ ಅರಮನೆ ಎದ್ದಿತು, ಕನ್ನಂಬಾಡಿಯಲ್ಲಿ ಕಾವೇರಿ ನಿಂತಳು, ಕೆಲಸ ಅರಸಿ ನಾನಾ ಕಡೆಗಳಿಂದ ಜನ ಬಂದರು. ಹಬ್ಬದ ದಿನ ಒಳಗೆ ಜಾಗ ಸಾಲದಾಯಿತು. ಇಂತಹ ಹೊತ್ತಿನಲ್ಲಿ ಯಾವ ಧರ್ಮಕೇಂದ್ರದಲ್ಲಿಯೂ ಏಳುವ ಪ್ರಶ್ನೆ ಇಲ್ಲಿಯೂ ಎದ್ದಿರಲೇಬೇಕು: ಇರುವುದನ್ನೇ ವಿಸ್ತರಿಸುವುದೋ, ಕೆಡವಿ ಹೊಸದನ್ನು ಕಟ್ಟುವುದೋ? ಅರಸರು ಕೊಟ್ಟ, ಹಿರಿಯರು ಮೊಣಕಾಲೂರಿದ ಕಟ್ಟಡವನ್ನು ಕೆಡಹುವುದೆಂದರೆ ಸಾಮಾನ್ಯವೆ? ಕೆಡಹಲು ಧೈರ್ಯವೊಂದೇ ಸಾಲದು, ಕಾರಣವೂ ಬೇಕು. ಆ ಕಾರಣ ಬಹು ದೂರದ ಇಟಲಿಯಿಂದ ಒಂದು ಪುಟ್ಟ ಕರಂಡಕದಲ್ಲಿ ಬಂದಿತು.

ಅದರ ವೃತ್ತಾಂತವನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ರೋಮ್ ನಗರದ ಹೊರಗೆ, ಸಲಾರಿಯಾ ಎಂಬ ಪ್ರಾಚೀನ ಹೆದ್ದಾರಿಯ ಪಕ್ಕದಲ್ಲಿ, ಪ್ರಿಸಿಲ್ಲಾಳ ಹೆಸರಿನ ನೆಲಮಾಳಿಗೆಯ ಶ್ಮಶಾನವಿದೆ. ಆದಿಕಾಲದ ಕ್ರೈಸ್ತರು ತಮ್ಮವರನ್ನು ಹೂಳುತ್ತಿದ್ದ ಸುರಂಗಗಳವು. 1802ರ ಮೇ 25ರಂದು ಅಲ್ಲಿ ಅಗೆಯುತ್ತಿದ್ದವರಿಗೆ ಮೂರು ಸುಟ್ಟ ಹಲಗೆಗಳಿಂದ ಮುಚ್ಚಿದ ಗೋರಿಯೊಂದು ದೊರೆಯಿತು. ಹಲಗೆಗಳ ಮೇಲೆ ಕೆಂಪು ಬಣ್ಣದ ಅಕ್ಷರಗಳು. ಅನುಕ್ರಮವಾಗಿ ಓದಿದರೆ ‘ಲುಮೆನಾ – ಪಾಕ್ಸ್‌ತೆ – ಕುಂಫಿ’ ಎಂದಾಗುತ್ತಿತ್ತು; ಅರ್ಥವಿಲ್ಲ. ಮೊದಲ ಹಲಗೆಯನ್ನು ಕೊನೆಗೆ ಸರಿಸಿದರೆ ‘ಪಾಕ್ಸ್ ತೆಕುಂ ಫಿಲುಮೆನಾ’ ಎಂದಾಯಿತು. ‘ಫಿಲುಮೆನಾ, ನಿನಗೆ ಶಾಂತಿಯಿರಲಿ’ ಎಂಬುದು ಅದರ ತಾತ್ಪರ್ಯ. ಜೊತೆಗೆ ಲಂಗರು, ಬಾಣ, ಗರಿ ಮುಂತಾದ ಚಿತ್ರಗಳು. ಒಳಗೆ ಹದಿಮೂರು ಹದಿನಾಲ್ಕು ವಯಸ್ಸಿನ ಬಾಲೆಯ ಎಲುಬುಗಳು ಮತ್ತು ಒಂದು ಗಾಜಿನ ಕುಡಿಕೆ. ಕುಡಿಕೆಯಲ್ಲಿ ಒಣಗಿದ್ದುದು ರಕ್ತವೆಂದೂ, ಆದ್ದರಿಂದ ಈಕೆ ಧರ್ಮಕ್ಕಾಗಿ ಪ್ರಾಣತೆತ್ತ ರಕ್ತಸಾಕ್ಷಿಯೆಂದೂ ಆಗ ನಂಬಿದರು. ಆಕೆಯ ಹೆಸರು ಅಷ್ಟು. ಆಕೆಯ ಚರಿತ್ರೆ ಎಲ್ಲಿಯೂ ಬರೆದಿರಲಿಲ್ಲ.

1805ರಲ್ಲಿ ಆ ಅವಶೇಷಗಳು ನೇಪಲ್ಸ್ ನಗರದ ಬಳಿಯ ಮುಗ್ನಾನೊ ಎಂಬ ಊರಿಗೆ ಹೋದವು. ಅಲ್ಲಿ ಪವಾಡಗಳ ಸುದ್ದಿ ಹಬ್ಬಿತು. ಫ್ರಾನ್ಸಿನ ಪೌಲಿನ್ ಜರಿಕೊ ಎಂಬ ರೋಗಪೀಡಿತ ಮಹಿಳೆ 1835ರಲ್ಲಿ ಅಲ್ಲಿಗೆ ಯಾತ್ರೆ ಹೋಗಿ ಗುಣಹೊಂದಿ ಮರಳಿದಾಗ ಸುದ್ದಿ ಫ್ರಾನ್ಸನ್ನೂ ವ್ಯಾಪಿಸಿತು. ಆರ್ಸ್ ಎಂಬ ಕುಗ್ರಾಮದ ಪಾದ್ರಿ ಜಾನ್ ವಿಯಾನ್ನಿ, ಮುಂದೆ ತಾವೇ ಸಂತಪದವಿಗೇರಿದವರು, ತಮ್ಮಲ್ಲಿ ನಡೆದ ಒಳಿತಿಗೆಲ್ಲ ಫಿಲೋಮಿನಾಳೇ ಕಾರಣಳೆಂದು ಹೇಳುತ್ತಿದ್ದರು. 1837ರಲ್ಲಿ ಜಗದ್ಗುರು 16ನೆಯ ಗ್ರೆಗರಿಯವರು ಆಕೆಯ ಉತ್ಸವಕ್ಕೆ ಅಪ್ಪಣೆ ಕೊಟ್ಟರು. ಹೀಗೆ ಹೆಸರಿನ ಹೊರತು ಬೇರೆ ಚರಿತ್ರೆಯಿಲ್ಲದ ಬಾಲೆಯೊಬ್ಬಳು ಫ್ರಾನ್ಸಿನ ಹಳ್ಳಿಹಳ್ಳಿಯ ಮನೆಮಗಳಾದಳು. ಮೈಸೂರು ಸೀಮೆಗೆ ಬರುತ್ತಿದ್ದ ಪಾದ್ರಿಗಳು ಫ್ರಾನ್ಸಿನವರೆಂಬುದನ್ನು ನೆನೆದರೆ ಆಕೆ ಕಾವೇರಿಯ ದಂಡೆಗೆ ಬಂದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅವಶೇಷವನ್ನೇ ತರಿಸುವ ಕೆಲಸವನ್ನು ಮಾಡಿದವರು ಫ್ರೆಂಚರಲ್ಲ, ಈ ನಾಡಿನವರೇ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಹುಜೂರ್ ಕಾರ್ಯದರ್ಶಿಗಳಾಗಿದ್ದ ತಂಬೂಚೆಟ್ಟಿಯವರು ನಿಷ್ಠಾವಂತ ಕ್ಯಾಥೊಲಿಕರು. ಅವರು ಜಗದ್ಗುರುಗಳ ಪ್ರತಿನಿಧಿಯಾಗಿ ಭಾರತದಲ್ಲಿದ್ದ ಪೀಟರ್ ಪಿಸಾನಿಯವರಿಗೆ ಬಿನ್ನವಿಸಿಕೊಂಡ ಫಲವಾಗಿ 1926ರಲ್ಲಿ ಫಿಲೋಮಿನಾಳ ಅವಶೇಷ ಮೈಸೂರು ಸೇರಿತು. ಅದನ್ನು ಕೋಷೆ ಎಂಬ ಪಾದ್ರಿಗಳ ವಶಕ್ಕೆ ಕೊಟ್ಟರು. ಕೋಷೆಯವರು ಅರಮನೆಯ ಬಾಗಿಲನ್ನು ತಟ್ಟಿ, ಸಂತಳಿಗೆ ತಕ್ಕ ದೇವಾಲಯವನ್ನು ಕಟ್ಟಲು ನೆರವಾಗಬೇಕೆಂದು ಪ್ರಾರ್ಥಿಸಿದರು.

ಆಗಿನ ಮೈಸೂರಿನ ಪರಿಸ್ಥಿತಿಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಸಿಂಹಾಸನದಲ್ಲಿ ದೇವಿಯ ಉಪಾಸಕರಾದ ಮಹಾರಾಜರು. ದಿವಾನಗಿರಿಯಲ್ಲಿ ಮಿರ್ಜಾ ಇಸ್ಮಾಯಿಲರು. ಮಹಾರಾಜರ ಪತ್ರವ್ಯವಹಾರ ನೋಡಿಕೊಳ್ಳುವವರು ಕ್ರೈಸ್ತರಾದ ತಂಬೂಚೆಟ್ಟಿಯವರು. ಲೋಕವೆಲ್ಲ ಆರ್ಥಿಕ ಮುಗ್ಗಟ್ಟಿನಿಂದ ಕಂಗೆಟ್ಟ ವರ್ಷಗಳವು. ಹಾಗಿದ್ದರೂ 1933ರ ಅಕ್ಟೋಬರ್ 28ರಂದು ನಾಲ್ವಡಿಯವರು ಸ್ವತಃ ಬಂದು ಅಡಿಗಲ್ಲನ್ನಿಟ್ಟರು. ದೇವರ ಕರುಣೆಯೊಂದು, ಮನುಷ್ಯರ ಕೃತಜ್ಞತೆಯೊಂದು, ಈ ಎರಡು ಅಡಿಪಾಯಗಳ ಮೇಲೆ ಹೊಸ ದೇವಾಲಯ ಭದ್ರವಾಗಿ ನಿಲ್ಲುವುದೆಂಬ ಅರ್ಥದ ಮಾತನ್ನು ಅವರು ಅಂದು ಆಡಿದರು. ಅಜ್ಜನ ಕಾಲದ ಕಟ್ಟಡ ಇದ್ದಲ್ಲಿಯೇ ಮೊಮ್ಮಗನ ಕಾಲದ ಕಟ್ಟಡಕ್ಕೆ ಪಾಯ ಬಿದ್ದಿತು. (ಮುಮ್ಮಡಿಯವರು ಹತ್ತನೆಯ ಚಾಮರಾಜರನ್ನು ದತ್ತು ತೆಗೆದುಕೊಂಡಿದ್ದರು, ಆ ಚಾಮರಾಜರ ಮಗನೇ ನಾಲ್ವಡಿ. ಆದ್ದರಿಂದ ಈ ಅಜ್ಜ ಮೊಮ್ಮಗ ಎಂಬ ಮಾತು ಬರಿಯ ಅಲಂಕಾರವಲ್ಲ.)

ನಕ್ಷೆಯನ್ನು ತಯಾರಿಸಿದವರು ಡ್ಯಾಲಿ ಎಂಬ ಫ್ರೆಂಚ್ ಶಿಲ್ಪಿ. ಅವರ ಕಣ್ಣ ಮುಂದಿದ್ದ ಮಾದರಿ ಜರ್ಮನಿಯ ಕಲೋನ್ ನಗರದ ಮಹಾದೇವಾಲಯವೆಂದು ಹೇಳುತ್ತಾರೆ. ಎರಡನ್ನೂ ಚಿತ್ರದಲ್ಲಿ ಕಂಡವರು ಈ ಮಾತನ್ನು ಅಲ್ಲಗಳೆಯಲಾರರು. ಕಲೋನಿನ ಶಿಖರಗಳು 157 ಮೀಟರು, ಎಂದರೆ ಮೈಸೂರಿನವುಗಳಿಗಿಂತ ಸುಮಾರು ಮೂರುಪಟ್ಟು ಎತ್ತರ. ಆದರೆ ಎತ್ತರದ ಲೆಕ್ಕವಿರಲಿ, ಕಟ್ಟಲು ಹಿಡಿದ ಕಾಲದ ಲೆಕ್ಕವೇ ಬೇರೆ. ಕಲೋನಿನಲ್ಲಿ ಅಡಿಗಲ್ಲು ಬಿದ್ದುದು 1248ರಲ್ಲಿ. ಅದೇ ಶತಮಾನದ ಉತ್ತರಾರ್ಧದಲ್ಲಿ ನಮ್ಮ ಸೋಮನಾಥಪುರದಲ್ಲಿ ಹೊಯ್ಸಳ ದಂಡನಾಯಕ ಸೋಮನಾಥನು ಕೇಶವ ದೇವಾಲಯವನ್ನು ಕಟ್ಟಿಸಿ ಮುಗಿಸಿಯೂ ಬಿಟ್ಟನು. ಕಲೋನಿನವರು ಮಾತ್ರ ಮುನ್ನೂರು ವರ್ಷ ಕಟ್ಟಿ, ಹಣವೂ ಹುರುಪೂ ತೀರಿ, ಕೆಲಸವನ್ನು ನಿಲ್ಲಿಸಿಬಿಟ್ಟರು. ಅರ್ಧಕ್ಕೆ ನಿಂತ ಗೋಪುರದ ನೆತ್ತಿಯ ಮೇಲೆ ಕಲ್ಲೆತ್ತುವ ಮರದ ಯಂತ್ರ ಹಾಗೆಯೇ ಉಳಿಯಿತು. ನಾಲ್ಕು ಶತಮಾನಗಳ ಕಾಲ ಅದು ಅಲ್ಲಿಯೇ ನಿಂತಿದ್ದು, ಅದೇ ಊರಿನ ಗುರುತಾಗಿಬಿಟ್ಟಿತ್ತು. 1814ರಲ್ಲಿ ಹಳೆಯ ನಕ್ಷೆಯ ಅರ್ಧಭಾಗವೊಂದು ಅಕಸ್ಮಾತ್ತಾಗಿ ಸಿಕ್ಕಿದ ಮೇಲೆ ಜನಕ್ಕೆ ಮತ್ತೆ ಆಸೆ ಚಿಗುರಿತು. 1842ರಲ್ಲಿ ಕೆಲಸ ಮರಳಿ ಮೊದಲಾದಾಗ ಆ ಕ್ಯಾಥೊಲಿಕ್ ದೇವಾಲಯಕ್ಕೆ ಕಲ್ಲಿಟ್ಟವನು ಪ್ರಾಟೆಸ್ಟೆಂಟ್ ಪಂಥದ ಪ್ರಷ್ಯಾದ ದೊರೆ. ಅದರ ಮರುವರ್ಷವೇ ಮೈಸೂರಿನ ಶಾಸನದ ಕಾಲ. ಪರಧರ್ಮದ ಆಲಯಕ್ಕೆ ಅರಸನು ಕಲ್ಲಿಡುವುದು ಆ ದಶಕದಲ್ಲಿ ಎರಡು ಖಂಡಗಳಲ್ಲಿಯೂ ನಡೆಯಿತೆಂಬುದು ಸೋಜಿಗವೇ ಸರಿ. ಕಲೋನ್ ದೇವಾಲಯ ಮುಗಿದುದು 1880ರಲ್ಲಿ. ಒಟ್ಟು 632 ವರ್ಷ.

ಮೈಸೂರಿನಲ್ಲಿ ಮೂರೇ ವರ್ಷ. 1936ರ ಹೊತ್ತಿಗೆ ದೇವಾಲಯ ಸಿದ್ಧವಾಯಿತೆಂದು ಕೈಪಿಡಿಗಳು ಹೇಳುತ್ತವೆ. ರೆನೆ ಫ್ಯೂಗಾ ಅವರ ಮೇಲ್ವಿಚಾರಣೆಯಲ್ಲಿ ಕೆಲಸ ಪೂರ್ತಿಯಾಯಿತು.

ಈ ಬಗೆಯ ಕಟ್ಟಡದ ಮರ್ಮವೇನೆಂಬುದನ್ನು ತಿಳಿಯಲು ಒಳಗೆ ಹೋಗಿ ತಲೆಯೆತ್ತಿ ನೋಡಬೇಕು. ನಮ್ಮ ಹಳೆಯ ದೇವಾಲಯಗಳು ಕಂಬ ಮತ್ತು ತೊಲೆಗಳವು. ಎರಡು ಕಂಬಗಳ ಮೇಲೆ ಒಂದು ಕಲ್ಲಿನ ತೊಲೆ. ತೊಲೆಯ ಉದ್ದವೆಷ್ಟೋ ಕಂಬಗಳ ನಡುವಣ ಅಂತರ ಅಷ್ಟೇ. ಆದುದರಿಂದಲೇ ನವರಂಗಗಳಲ್ಲಿ ಕಂಬಗಳ ಕಾಡು, ಆ ಕಾಡಿನ ತಂಪು ಕತ್ತಲೆ. ಕಮಾನಿಗೆ ತೊಲೆ ಬೇಡ. ಸಣ್ಣ ಸಣ್ಣ ಕಲ್ಲುಗಳೇ ಒಂದನ್ನೊಂದು ಒತ್ತಿ ಹಿಡಿದು ಅಗಲವಾದ ಬಯಲನ್ನು ದಾಟುತ್ತವೆ. ಆದರೆ ಅರೆವೃತ್ತದ ಕಮಾನು ಭಾರವನ್ನು ಪಕ್ಕಕ್ಕೆ ತಳ್ಳುತ್ತದೆ. ಅದನ್ನು ತಡೆಯಲು ಕೋಟೆಯಂತಹ ಗೋಡೆ ಬೇಕು. ಕಮಾನಿನ ನೆತ್ತಿಯನ್ನು ಚೂಪು ಮಾಡಿದರೆ ಭಾರ ಹೆಚ್ಚಾಗಿ ನೇರ ಕೆಳಕ್ಕೆ ಇಳಿಯುತ್ತದೆ. ಉಳಿದ ಒತ್ತಡವನ್ನು ಹೊರಗಿನ ಊರೆಗೋಡೆಗಳು ತಡೆಯುತ್ತವೆ. ಆಗ ನಡುವಣ ಗೋಡೆಗೆ ಹೊರುವ ಕೆಲಸವೇ ಇಲ್ಲ. ಅದನ್ನು ಕಿಟಕಿಯನ್ನಾಗಿ ತೆರೆಯಬಹುದು. ಕಿಟಕಿಗೆ ಬಣ್ಣದ ಗಾಜು ಹಾಕಬಹುದು. 12ನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈ ಉಪಾಯಕ್ಕೆ ಗಾಥಿಕ್ ಎಂಬ ಹೆಸರನ್ನು ಅದನ್ನು ಮೆಚ್ಚದಿದ್ದ ಇಟಲಿಯವರು ಮುಂದೆ ಹಳಿಯಲೆಂದೇ ಇಟ್ಟರು. ಹೆಸರು ಉಳಿಯಿತು, ಹಳಿವು ಮರೆತುಹೋಯಿತು.

ಕಮಾನು ಮುಗಿಯುವವರೆಗೆ ಅದಕ್ಕೆ ತನ್ನ ಕಾಲ ಮೇಲೆ ನಿಲ್ಲುವ ಶಕ್ತಿಯಿಲ್ಲ. ಕೆಳಗೆ ಮರದ ಅಚ್ಚನ್ನು ನಿಲ್ಲಿಸಿ, ಅದರ ಬೆನ್ನಿನ ಮೇಲೆ ಎರಡು ಕಡೆಗಳಿಂದಲೂ ಕಟ್ಟಿಕೊಂಡು ಬಂದು, ನೆತ್ತಿಯಲ್ಲಿ ಕೊನೆಯ ಕಲ್ಲನ್ನು ಕೂರಿಸಿ, ಗಾರೆ ಗಟ್ಟಿಯಾಗುವವರೆಗೆ ಕಾದು, ಆಮೇಲೆ ಅಚ್ಚನ್ನು ಇಳಿಸಬೇಕು. ಅಚ್ಚು ಇಳಿಯುವ ಗಳಿಗೆಯಲ್ಲಿ ಮೇಸ್ತ್ರಿಯ ಎದೆ ಬಡಿತವೇನೆಂಬುದನ್ನು ಮನೆ ಕಟ್ಟಿಸಿದವರು ಬಲ್ಲರು. ಅಶೋಕ ರಸ್ತೆಯ ಸಾರುವೆಗಳ ಮೇಲೆ ಗಾರೆಯ ಬಾಣಲಿ ಹೊತ್ತು ಹತ್ತಿಳಿದ ಆಳುಗಳ ಹೆಸರನ್ನು ಯಾವ ಕೈಪಿಡಿಯೂ ಬರೆದುಕೊಂಡಿಲ್ಲ. ಹೊಯ್ಸಳರ ರೂವಾರಿಗಳು ತಮ್ಮ ವಿಗ್ರಹಗಳ ಅಡಿಯಲ್ಲಿ ಹೆಸರು ಕೆತ್ತಿಕೊಂಡರು. ಮಲ್ಲಿತಮ್ಮನೆಂಬ ಹೆಸರು ಏಳು ಶತಮಾನ ದಾಟಿ ಬಂದಿದೆ. ಇಪ್ಪತ್ತನೆಯ ಶತಮಾನದ ಮೈಸೂರಿನ ಗಾರೆಯವನಿಗೆ ಆ ಭಾಗ್ಯವಿಲ್ಲ. ಇದನ್ನು ಪ್ರಗತಿಯೆನ್ನಬೇಕೋ ಏನೆನ್ನಬೇಕೋ ತಿಳಿಯದು.

ಕಟ್ಟಡದ ತಳವಿನ್ಯಾಸ ಶಿಲುಬೆಯ ಆಕಾರದ್ದು. ಉದ್ದನೆಯ ಭಾಗ ಜನ ಕೂರುವ ಸಭಾಂಗಣ; ಅಲ್ಲಿ 800 ಮಂದಿಗೆ ಸ್ಥಳವಿದೆ. ಅಡ್ಡಲಾಗಿ ಚಾಚಿದ ಎರಡು ಬಾಹುಗಳು. ತಲೆಯ ಕಡೆಗೆ ಬಲಿಪೀಠ. ಬಣ್ಣದ ಗಾಜಿನ ಕಿಟಕಿಗಳಲ್ಲಿ ಯೇಸುವಿನ ಜನನ, ಕೊನೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನ, ಸ್ವರ್ಗಾರೋಹಣಗಳು ಚಿತ್ರಿತವಾಗಿವೆ. ಮಧ್ಯಾಹ್ನ ಇಳಿಯುವ ಹೊತ್ತಿನಲ್ಲಿ ಬಿಸಿಲು ಈ ಗಾಜುಗಳನ್ನು ಹಾಯ್ದು ನೆಲದ ಮೇಲೆ ಕೆಂಪು ನೀಲಿಗಳನ್ನು ಚೆಲ್ಲುತ್ತದೆ. ಚಿಕ್ಕ ಮಕ್ಕಳು ಆ ಬಣ್ಣಗಳ ಮೇಲೆ ಕೈಯಿಟ್ಟು ತಮ್ಮ ಅಂಗೈಯನ್ನು ತಾವೇ ನೋಡಿ ನಗುತ್ತಾರೆ.

ಒಂದು ಧರ್ಮಕೇಂದ್ರದ ದೇವಾಲಯವಾಗಿ ಎದ್ದ ಈ ಕಟ್ಟಡಕ್ಕೆ ಬೇಗನೆಯೇ ಹಿರಿಯ ಪದವಿ ಬಂದಿತು. ಮೈಸೂರು ಧರ್ಮಪ್ರಾಂತ್ಯ 1886ರಲ್ಲಿಯೇ ಸ್ಥಾಪಿತವಾಗಿದ್ದರೂ ಧರ್ಮಾಧ್ಯಕ್ಷರ ಪೀಠವಿದ್ದುದು ಬೆಂಗಳೂರಿನಲ್ಲಿ. 1940ರಲ್ಲಿ ಬೆಂಗಳೂರು ಬೇರೆಯಾದಾಗ ಮೈಸೂರಿಗೆ ತನ್ನದೇ ಪೀಠ ಬೇಕಾಯಿತು. ಶಿಖರಗಳು ಸಿದ್ಧವಾಗಿಯೇ ಇದ್ದವು. 1941ರಲ್ಲಿ ಫ್ಯೂಗಾ ಅವರೇ ಧರ್ಮಾಧ್ಯಕ್ಷರಾದರು. ಮೈಸೂರಿನ ಪ್ರಸಿದ್ಧ ಸಂತ ಫಿಲೋಮಿನಾ ಕಾಲೇಜು 1946ರಲ್ಲಿ ಆರಂಭವಾದುದೂ ಅವರ ಕಾಲದಲ್ಲಿ. ಅಡಿಗಲ್ಲನ್ನಿಟ್ಟ ನಾಲ್ವಡಿಯವರು ಮಾತ್ರ 1940ರ ಆಗಸ್ಟ್ 3ರಂದು ತೀರಿಕೊಂಡಿದ್ದರು.

ಇನ್ನು ಕಥೆಯ ಕಠಿನ ಭಾಗ. ರೋಮಿನ ಪುರಾತತ್ತ್ವಜ್ಞರು 20ನೆಯ ಶತಮಾನದ ಮೊದಲ ವರ್ಷಗಳಲ್ಲಿಯೇ ಆ ಮೂರು ಹಲಗೆಗಳ ಬಗೆಗೆ ಸಂದೇಹವೆತ್ತಿದ್ದರು. ಹಲಗೆಗಳು ಏಕೆ ತಪ್ಪು ಅನುಕ್ರಮದಲ್ಲಿದ್ದವು? ಹಿಂದೆ ಬೇರೊಬ್ಬಳ ಗೋರಿಗೆ ಹಾಕಿದ್ದ ಹಲಗೆಗಳನ್ನು ತೆಗೆದು, ಕಾಲಾನಂತರ ಇನ್ನೊಬ್ಬರ ಗೋರಿಗೆ ಮುಚ್ಚಿರಬೇಕು. ಹಾಗೆ ಮರುಬಳಕೆ ಮಾಡಿದ ಗುರುತಿಗಾಗಿಯೇ ಅಕ್ಷರಗಳನ್ನು ಹಿಂದುಮುಂದಾಗಿ ಇಟ್ಟಿರಬೇಕು ಎಂದು ಒರಾಜಿಯೊ ಮರೂಕಿ ಎಂಬ ವಿದ್ವಾಂಸರು ವಾದಿಸಿದರು. ಹಾಗಾದರೆ ಎಲುಬುಗಳು ಫಿಲುಮೆನಾಳವಲ್ಲ. ರಕ್ತಸಾಕ್ಷಿಯೆಂಬುದಕ್ಕೂ ಆಧಾರ ಸಾಲದು. ಮೈಸೂರಿನಲ್ಲಿ ಅಡಿಗಲ್ಲು ಬೀಳುವ ಹೊತ್ತಿಗೆ ಈ ವಾದ ಹಳೆಯದಾಗಿತ್ತು. 1961ರ ಫೆಬ್ರವರಿ 14ರಂದು ರೋಮಿನ ಅಪ್ಪಣೆ ಹೊರಬಿದ್ದಿತು: ಫಿಲೋಮಿನಾಳ ಉತ್ಸವವನ್ನು ಎಲ್ಲ ಪಂಚಾಂಗಗಳಿಂದಲೂ ತೆಗೆದುಹಾಕಬೇಕು. ಖಾಸಗಿಯಾಗಿ ಭಕ್ತಿ ಸಲ್ಲಿಸಬಾರದೆಂದು ಅಪ್ಪಣೆ ಹೇಳಲಿಲ್ಲ. ಆದರೆ ಪಂಚಾಂಗದಲ್ಲಿ ಸ್ಥಾನವಿಲ್ಲವಾಯಿತು.

ಇಪ್ಪತ್ತೈದು ವರ್ಷಗಳ ಹಿಂದೆಯಷ್ಟೆ ಅವಳ ಹೆಸರಿನಲ್ಲಿ 175 ಅಡಿಯ ಶಿಖರಗಳನ್ನು ಎತ್ತಿದ ಊರಿನ ಪಾಡೇನು? ಅದಕ್ಕೆ ದಾರಿಯನ್ನು ಹಳೆಯ ದೇವಾಲಯವೇ ಒದಗಿಸಿತ್ತು. ಕೆಡವಿದ ಕಟ್ಟಡದ ಸಂತ ಜೋಸೆಫರನ್ನು ಹೊಸ ಕಟ್ಟಡ ಕೈಬಿಟ್ಟಿರಲಿಲ್ಲ. ಇದರ ಪೂರ್ಣ ನಾಮಧೇಯ ಸಂತ ಜೋಸೆಫ ಮತ್ತು ಸಂತ ಫಿಲೋಮಿನಾ ಪ್ರಧಾನಾಲಯ. ಒಬ್ಬರ ಸ್ಥಾನ ಅಲುಗಾಡಿದರೂ ಇನ್ನೊಬ್ಬರ ಸ್ಥಾನ ಭದ್ರ. ಆದರೆ ಟಾಂಗಾದವನನ್ನಾಗಲಿ ಆಟೋದವನನ್ನಾಗಲಿ ಸಂತ ಜೋಸೆಫರ ದೇವಾಲಯಕ್ಕೆ ಬಿಡು ಎಂದರೆ ಅವನು ಯಾವುದೆಂದು ಕೇಳಿಯಾನು; ಫಿಲೋಮಿನಾ ಚರ್ಚ್ ಎಂದರೆ ಮರುಪ್ರಶ್ನೆಯಿಲ್ಲ.

ಇದೇ ಫ್ರೆಂಚ್ ಪಾದ್ರಿಗಳ ಕ್ಷೇತ್ರಕ್ಕೆ ಸೇರಿದ್ದ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯನ್ನು ಕಂಡವರಿಗೆ ಇಲ್ಲಿಯ ಸಂಗತಿ ಇನ್ನಷ್ಟು ಸ್ಪಷ್ಟವಾದೀತು. 1860ರ ದಶಕದಲ್ಲಿ ಅಲ್ಲಿ ಎದ್ದ ಗಾಥಿಕ್ ದೇವಾಲಯ ಗೊರೂರಿನ ಹೇಮಾವತಿ ಜಲಾಶಯದ ಪಾಲಾಯಿತು. ಹಳ್ಳಿಯವರು ಬೇರೆಡೆಗೆ ಹೋಗಿ ನೆಲೆಸಿದರು. ಮಳೆಗಾಲದಲ್ಲಿ ಕಮಾನುಗಳ ಕೊರಳವರೆಗೆ ನೀರು. ಬೇಸಿಗೆಯಲ್ಲಿ ಚಾವಣಿಯಿಲ್ಲದ ಗೋಡೆಗಳ ನಡುವೆ ದನಗಳು ಮೇಯುತ್ತವೆ. ನೋಡಲು ಬರುವವರು ಬಹಳ, ಪ್ರಾರ್ಥಿಸಲು ಬರುವವರಿಲ್ಲ. ಅಲ್ಲಿ ದೇವಾಲಯಕ್ಕೆ ಜನ ಇಲ್ಲವಾದರು. ಮೈಸೂರಿನಲ್ಲಿ ಪಂಚಾಂಗದ ಪುಟದಿಂದ ಒಂದು ಹೆಸರು ಹೋಯಿತು, ಜನ ಹೋಗಲಿಲ್ಲ.

ಅವರನ್ನು ಕಾಣಬೇಕಾದರೆ ಬಲಿಪೀಠದ ಕೆಳಗಿನ ನೆಲಮಾಳಿಗೆಗೆ ಇಳಿಯಬೇಕು. ಕಿರಿದಾದ ಮೆಟ್ಟಿಲು, ತಗ್ಗಾದ ಚಾವಣಿ, ಮೇಣದ ವಾಸನೆ. ಗಾಜಿನ ಹಿಂದೆ ಮಲಗಿರುವ ಬಾಲೆಯ ಪ್ರತಿಮೆ. ಆ ಮುಖದಲ್ಲಿ ನಿದ್ದೆಯ ಹೊರತು ಬೇರೆ ಭಾವವಿಲ್ಲ. ಇಲ್ಲಿಗೆ ಬರುವವರೆಲ್ಲರೂ ಕ್ರೈಸ್ತರೇ ಎಂದೇನೂ ಇಲ್ಲ. ಕುಂಕುಮವಿಟ್ಟ ಹೆಂಗಸರು ಮಗುವಿನ ಕೈಯನ್ನು ಗಾಜಿಗೆ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುವುದನ್ನು ಯಾವ ದಿನ ಹೋದರೂ ನೋಡಬಹುದು. ಹೊರಬರುವ ದಾರಿ ಒಂದು ಇಕ್ಕಟ್ಟಾದ ಓಣಿ. ಅದರ ಗೋಡೆಗಳ ತುಂಬ ಅಂಗೈಯಗಲದ ಅಮೃತಶಿಲೆಯ ಹಲಗೆಗಳು. ಒಂದೊಂದರ ಮೇಲೂ ಹೆಸರು, ಊರು. ಕಾಣಿಕೆ ಕೊಟ್ಟವರು, ತೀರಿಕೊಂಡವರ ನೆನಪಿಗೆ ಕೊಡಿಸಿದವರು, ಕೇಳಿದ ವರ ಸಿಕ್ಕಿತೆಂದು ಕೃತಜ್ಞತೆಯಿಂದ ಕೆತ್ತಿಸಿದವರು. ಓದುತ್ತ ಹೋದರೆ ಮೇಲೆ ನಿಂತಿರುವ ಶಿಖರಗಳು ಅರಮನೆಯ ಹಣದಿಂದ ಮಾತ್ರ ನಿಂತವಲ್ಲವೆಂಬುದು ತಾನೇ ತಿಳಿಯುತ್ತದೆ.

ಎಂಬತ್ತು ವರ್ಷದ ಮಳೆ ಬಿಸಿಲುಗಳಿಗೆ ಕಮಾನುಗಳ ಗಾರೆ ಸಡಿಲಿ, ಗಾಜುಗಳು ಒಡೆದು, ಈಚಿನ ವರ್ಷಗಳಲ್ಲಿ ದೇವಾಲಯದ ಜೀರ್ಣೋದ್ಧಾರದ ಕೆಲಸ ನಡೆಯಿತು. ಅವಳಿ ಶಿಖರಗಳ ಸುತ್ತ ಮತ್ತೆ ಸಾರುವೆ ಕಟ್ಟಿದರು. ಕೆಳಗೆ ಎಂದಿನಂತೆ ಪೂಜೆ ನಡೆಯುತ್ತಿತ್ತು; ಮೇಲೆ ಗಾರೆಯವರು ಹಗ್ಗದಲ್ಲಿ ತೂಗಿ ಬಿರುಕುಗಳನ್ನು ಮುಚ್ಚುತ್ತಿದ್ದರು. ಆಗಸ್ಟಿನಲ್ಲಿ ಫಿಲೋಮಿನಾಳ ಹಬ್ಬ ಬಂದಾಗ ಅಂಗಳದಲ್ಲಿ ಮೇಣದಬತ್ತಿ ಮಾರುವವರು ಹಳೆಯ ಜಾಗಗಳಲ್ಲಿಯೇ ಕುಳಿತುಕೊಳ್ಳುತ್ತಾರೆ.